ಆ ಹುಡುಗಿ ಮುಟ್ಟದ ಎಂಜಿನ್

ಯಾರೂ ಏನೂ ಕದ್ದಿಲ್ಲ. ನನ್ನ ಮೊಮ್ಮಗಳು ಕೆಲಸ ಮುಗಿಸಲಿಲ್ಲ, ಅವಳ ಗೆಳತಿ ಮುಗಿಸಿದಳು. ನಡೆದದ್ದು ಇಷ್ಟೇ. ನಮ್ಮ ಮನೆಯಲ್ಲಿ ಇದಕ್ಕೆ ಕಳ್ಳತನ ಎಂದು ಹೆಸರಿಟ್ಟರು.

ಇಬ್ಬರೂ ದಾವಣಗೆರೆಯಲ್ಲೇ ಕಂಪ್ಯೂಟರ್ ಓದಿದವರು. ಗೆಳತಿ ಹರಿಹರದ ಟೇಲರ್ ಒಬ್ಬರ ಮಗಳು. ದಿನಾ ಬಸ್ಸಿಗೆ ಬಂದು ಎಂ.ಸಿ.ಸಿ. ಬಡಾವಣೆಯ ನಮ್ಮ ಮನೆಯಲ್ಲಿ ಕೂರುತ್ತಿದ್ದಳು. ನಾನು ಆಡಿ ತೋರಿಸಿದ ಐದು ಕಲ್ಲಿನ ಆಟವನ್ನು ಸೇರಿ ಫೋನಿಗೆ ತರುವುದೆಂದು ಮಾತಾಗಿತ್ತು. ಒಂದು ಕಲ್ಲು ಮೇಲಕ್ಕೆ ಎಸೆದು, ಅದು ಕೆಳಗೆ ಬರುವಷ್ಟರಲ್ಲಿ ನೆಲದ ಕಲ್ಲು ಬಾಚಿಕೊಳ್ಳುವ ಆಟ. ಚಿತ್ರವೆಲ್ಲ ಗೆಳತಿಯದು. ಕಲ್ಲು ಬೀಳುವುದು, ಉರುಳುವುದು, ಒಂದಕ್ಕೊಂದು ತಾಗುವುದು, ಇದನ್ನೆಲ್ಲ ಒಳಗಿನಿಂದ ನಡೆಸುವುದಕ್ಕೆ ಎಂಜಿನ್ ಅನ್ನುತ್ತಾರಂತೆ. ಅದು ಮೊಮ್ಮಗಳ ಪಾಲಿಗೆ ಬಂತು.

ಆ ಎಂಜಿನ್ ರೆಡಿ ಸಿಗುತ್ತದೆ ಎಂದು ಗೆಳತಿ ಮೊದಲ ದಿನವೇ ಹೇಳಿದ್ದಳು.

“ಅದನ್ನ ತಗಂಡ್ರೆ ನಮ್ದೂ ಎಲ್ರ ಆಟದಂಗೇ ಕಾಣ್ತತೆ. ನಾನೇ ಬರೀತೀನಿ,” ಎಂದಳು ಮೊಮ್ಮಗಳು.

ನಾನು ಹುಣಸೆಹಣ್ಣು ಬಿಡಿಸುತ್ತಿದ್ದೆ. “ಮಂಡಕ್ಕಿ ಯಾರವ್ವ ಮನ್ಯಾಗೆ ಹುರೀತಾರೆ? ಭಟ್ಟಿಯಿಂದ ತರ್ತೀವಿ, ಒಗ್ಗರಣೆ ನಮ್ದು. ಊರಿಗೆಲ್ಲ ಅದೇ ಮಂಡಕ್ಕಿ. ನಮ್ಮನೆ ರುಚಿ ಪಕ್ಕದ ಮನ್ಯಾಗೆ ಐತೇನು?”

ಗೆಳತಿ ನಕ್ಕಳು. ಮೊಮ್ಮಗಳು ನಗಲಿಲ್ಲ. “ನಿಂಗೆ ಗೊತ್ತಾಗಲ್ಲ, ಸುಮ್ನಿರಜ್ಜಿ.”

“ಸ್ವಂತದ್ದು ಸ್ವಂತದ್ದೇ ಕಣವ್ವ,” ಎಂದು ನನ್ನ ಮಗ ಅವಳ ಪರ ನಿಂತ. ರೆಡಿಮೇಡ್ ಬಟ್ಟೆ ಅಂಗಡಿ ಅವನದು.

“ನಿನ್ನ ಅಂಗಡ್ಯಾಗೆ ನೇತಾಕಿರೋ ಅಂಗಿ ಎಲ್ಲಾ ನೀನೇ ಹೊಲ್ದಿದ್ದೇನಪ್ಪ?” ಎಂದೆ.

ವರ್ಷ ಹೋಯಿತು. ಅವಳ ಕಲ್ಲುಗಳು ನೆಲ ಹೊಕ್ಕು ಮಾಯವಾಗುತ್ತಿದ್ದವು. ಅದನ್ನು ಸರಿ ಮಾಡಿದರೆ ಮೇಲೆ ಎಸೆದ ಕಲ್ಲು ಕೆಳಗೇ ಬರುತ್ತಿರಲಿಲ್ಲ. ಗೆಳತಿ ಚಿತ್ರ ಮುಗಿಸಿ ಕೈ ಕಟ್ಟಿಕೊಂಡು ಕೂತಳು. ಕೊನೆಗೊಂದು ದಿನ ಅಂದಳು:

“ಇನ್ನ ಕಾಯಾಕೆ ಆಗಲ್ಲ ಕಣೆ. ರೆಡಿ ಎಂಜಿನ್‌ಗೆ ಹಾಕಿ ಇಬ್ರ ಹೆಸ್ರಲ್ಲೇ ಬಿಡಾಣ.”

“ನನ್ನ ಹೆಸ್ರು ಬ್ಯಾಡ. ಬೇಕಾದ್ರೆ ನೀನೇ ಮಾಡ್ಕ ಹೋಗು.”

ನಾನು ಅಲ್ಲೇ ಇದ್ದೆ. ಆಮೇಲೆ ಆ ಹುಡುಗಿ ನಮ್ಮ ಮನೆಗೆ ಬರಲಿಲ್ಲ.

ಮಳೆಗಾಲ ಮುಗಿಯುವ ಹೊತ್ತಿಗೆ ಆಟ ಜನರ ಫೋನಿಗೆ ಬಂತು. ಮಗನ ಅಂಗಡಿಯಲ್ಲಿ ಕೆಲಸ ಮಾಡುವ ಹೆಂಗಸರೇ ಆಡತೊಡಗಿದರು. ಅವನು ಸಂಜೆ ಉರಿಯುತ್ತಾ ಬಂದ.

“ನಮ್ಮನ್ಯಾಗೆ ಉಂಡು ನಮ್ಮ ಆಟ ಕದ್ದಾಳೆ. ನಾಳೆ ಸ್ಟೇಷನ್ನಿಗೆ ಹೋಗಿ ಕಂಪ್ಲೇಂಟ್ ಕೊಡ್ತೀನಿ.”

ಮೊಮ್ಮಗಳ ಮುಖ ನೋಡಿದೆ. ‘ನಾನೇ ಮಾಡ್ಕ ಅಂದಿದ್ದೆ’ ಎಂಬ ಒಂದು ಮಾತು ಸಾಕಿತ್ತು. ತಟ್ಟೆಯಲ್ಲಿ ಬೆರಳಾಡಿಸುತ್ತಾ ಕೂತಳು.

“ಏನು ಕದ್ದಾಳೆ ಹೇಳೇ,” ಎಂದೆ. “ಚಿತ್ರ ಅವ್ಳದು. ಆಟ ಊರ ಹೆಣ್ಮಕ್ಕಳದ್ದು. ನೀನು ಮಾಡಿದ್ದು ಎಂಜಿನ್ ಒಂದೇ, ಅದನ್ನ ಅವ್ಳು ಮುಟ್ಟೇ ಇಲ್ಲ.”

ಅವಳು ಊಟ ಬಿಟ್ಟು ಎದ್ದುಹೋದಳು.

“ಮೊದ್ಲೇ ಕೂಸಿಗೆ ಸಂಕಟ ಆಗೇತಿ. ನೀನ್ಯಾಕ ಉಪ್ಪು ಹಚ್ತೀಯವ್ವ?” ಎಂದ ಮಗ.

ಅವಳು ಸೋತಿದ್ದಕ್ಕೆ ನನಗೆ ಸಿಟ್ಟಿಲ್ಲ. ಕಲ್ಲಿನ ಆಟದಲ್ಲಿ ನಾನೂ ಬೇಕಾದಷ್ಟು ಸಲ ಸೋತವಳೇ. ಗೆದ್ದವಳನ್ನು ಕಳ್ಳಿ ಎಂದಾಗ ಬಾಯಿ ಮುಚ್ಚಿಕೊಂಡು ಕೂತಳಲ್ಲ, ಅದು ಇವತ್ತಿಗೂ ನನ್ನ ಗಂಟಲಲ್ಲಿ ಇಳಿಯುವುದಿಲ್ಲ.

ಮರುದಿನ ಬೆಳಿಗ್ಗೆ ಮಗ ಸ್ನಾನಕ್ಕೆ ಹೋದಾಗ ನಾನು ಹರಿಹರದ ಬಸ್ಸು ಹತ್ತಿದೆ. ಬಾಗಿಲು ತೆರೆದ ಹುಡುಗಿ ನನ್ನ ಬೆನ್ನ ಹಿಂದೆ ನೋಡಿದಳು.

“ಒಬ್ರೇ ಬಂದ್ರಾ ಅಜ್ಜಿ?”

“ಒಬ್ಳೇ. ಸ್ಟೇಷನ್ನಿಂದ ಯಾರಾದ್ರೂ ಕರೆದ್ರೆ ನಂಗೆ ಫೋನ್ ಮಾಡು. ಅವ್ಳು ಅಂದಿದ್ದನ್ನ ನಾನು ಕೇಳೀನಿ, ಬಂದು ಹೇಳ್ತೀನಿ.”

ಆಮೇಲೆ ಅವಳ ಅಪ್ಪನ ಹೊಲಿಗೆ ಮಿಷನ್ ಪಕ್ಕದ ಸ್ಟೂಲಿನ ಮೇಲೆ ಕೂತು, ನನ್ನ ಫೋನಿಗೆ ಆ ಆಟ ಹಾಕಿಸಿಕೊಂಡೆ.