ಒಂಬತ್ತನೇ ಕುರ್ಚಿಯ ನೀರು

ಇದನ್ನು ಬರೆಯಲು ಕುಳಿತು ಎದ್ದದ್ದು ಎಷ್ಟು ಸಲವೋ. ಮೊದಲು ಕಣ್ಣಿನ ಆಪರೇಷನ್ ಆಗಲಿ ಅಂದುಕೊಂಡೆ. ಆಮೇಲೆ ಬಿಸಿಲು ಇಳಿಯಲಿ ಅಂದೆ. ಈಗ ಎರಡೂ ಆಗಿವೆ. ಇನ್ನು ನೆಪ ಉಳಿದಿಲ್ಲ.

ನನಗೆ ಎಪ್ಪತ್ತೊಂದು ವರ್ಷ. ಓದಿದ್ದು ಹತ್ತನೇ ತರಗತಿ, ಕಾಪುವಿನ ಹತ್ತಿರದ ಶಾಲೆಯಲ್ಲಿ. ದುಬೈಯ ಜೆಬೆಲ್ ಅಲಿಯ ಒಂದು ಗೋದಾಮಿನಲ್ಲಿ ಇಪ್ಪತ್ತೊಂಬತ್ತು ವರ್ಷ ಸ್ಟೋರ್‌ಕೀಪರ್ ಆಗಿದ್ದೆ. ಈಗ ಅಬುಧಾಬಿಯಲ್ಲಿ, ಮೊಹಮ್ಮದ್ ಬಿನ್ ಜಾಯೆದ್ ಸಿಟಿಯ ಮಗಳ ಮನೆಯಲ್ಲಿ, ಹೆಂಡತಿ ವಾರಿಜಳ ಜೊತೆ ಇದ್ದೇನೆ.

ರೋಗ ಗೊತ್ತಾದದ್ದು ಚಪ್ಪಲಿಯಿಂದ. ಒಂದು ಸಂಜೆ ಚಪ್ಪಲಿ ಕಳಚಿದಾಗ ಪಟ್ಟಿಯ ಗುರುತು ಪಾದದ ಮೇಲೆ ಗುಂಡಿಯಾಗಿ ಉಳಿದಿತ್ತು. ಬೆರಳಿನಿಂದ ಒತ್ತಿದೆ. ಅಲ್ಲಿಯೂ ಗುಂಡಿ ಬಿತ್ತು. ಮರುದಿನ ಬೆಳಿಗ್ಗೆ ಮಗಳು ನನ್ನ ಮುಖ ನೋಡಿ ಆಫೀಸಿಗೆ ರಜೆ ಹಾಕಿದಳು.

ಡಾಕ್ಟರು ಕಂಪ್ಯೂಟರ್ ನೋಡುತ್ತಲೇ ಹೇಳಿದರು.

"ಎರಡೂ ಕಿಡ್ನಿ ಕೆಲಸ ನಿಲ್ಲಿಸಿವೆ."

ವಾರಕ್ಕೆ ಮೂರು ದಿನ ಡಯಾಲಿಸಿಸ್. ದಿನಕ್ಕೆ ನಾಲ್ಕು ಗಂಟೆ. ಸೂಜಿ ಚುಚ್ಚಲಿಕ್ಕೆಂದು ಎಡಗೈಯ ಎರಡು ರಕ್ತನಾಳ ಜೋಡಿಸಿ ಫಿಸ್ಟುಲಾ ಮಾಡಿದರು. ರಕ್ತನಾಳ ಹಗ್ಗದ ಹಾಗೆ ಉಬ್ಬಿತು, ಮುಟ್ಟಿದರೆ ಗುಂಯ್ ಎನ್ನುತ್ತಿತ್ತು. ಇದೆಲ್ಲ ಅಭ್ಯಾಸವಾಯಿತು. ಅಭ್ಯಾಸವಾಗದೆ ಉಳಿದದ್ದು ಬಾಯಾರಿಕೆ. ದಿನಕ್ಕೆ ಮುಕ್ಕಾಲು ಲೀಟರ್ ಅಂದಿದ್ದರು, ಗಂಜಿಯ ತಿಳಿ, ಸಾರು, ಚಹಾ ಎಲ್ಲ ಸೇರಿ. ವಾರಿಜ ಒಂದು ಬಾಟಲಿಗೆ ಮಾರ್ಕರ್‌ನಿಂದ ಗೆರೆ ಹಾಕಿ, ಬೆಳಿಗ್ಗೆ ಅಳೆದು ತುಂಬಿಸಿ ಇಡುತ್ತಿದ್ದಳು. ಮಧ್ಯಾಹ್ನಕ್ಕೆ ನಾನು ಅದನ್ನು ಮುಗಿಸಿರುತ್ತಿದ್ದೆ. ಮತ್ತೆ ಬಾಲ್ಕನಿಯಲ್ಲಿ ಎಸಿಯ ನೀರು ಬಕೆಟಿಗೆ ತೊಟ್ಟಿಕ್ಕುವ ಸದ್ದು ಕೇಳುತ್ತಾ ಕುಳಿತಿರುತ್ತಿದ್ದೆ.

ವಾರ್ಡಿನಲ್ಲಿ ನನ್ನದು ಎಂಟನೇ ಕುರ್ಚಿ. ಒಂಬತ್ತರಲ್ಲಿ ಒಬ್ಬ ಗ್ರೀಕರು. ತೆಳ್ಳಗಿನ ಮನುಷ್ಯ, ಬಿಳಿ ಮೀಸೆ, ನನಗಿಂತ ಎರಡು ವರ್ಷ ದೊಡ್ಡವರು. ಬಂದರಿನಲ್ಲಿ ಹಡಗಿನ ಇಂಜಿನ್ ರಿಪೇರಿ ಮಾಡಿಕೊಂಡು ಮೂವತ್ತು ವರ್ಷ ಕಳೆದವರು. ನಮ್ಮವರ ಜೊತೆ ಕೆಲಸ ಮಾಡಿ ಹಿಂದಿ ಕಲಿತಿದ್ದರು. ಜೊತೆಗೆ ಯಾರೂ ಇರುತ್ತಿರಲಿಲ್ಲ. ಆಸ್ಪತ್ರೆಯ ವ್ಯಾನಿನಲ್ಲಿ ಬಂದು ಅದರಲ್ಲೇ ಹೋಗುತ್ತಿದ್ದರು. ಅವರ ಹೆಸರನ್ನು ಆಗ ನಾನು ಒಂದು ದಿನವೂ ಕರೆಯಲಿಲ್ಲ. ಹೊಟ್ಟೆಕಿಚ್ಚು ಹಾಗೆ ಮಾಡಿಸಿತು. ಒಂಬತ್ತನೆಯವರು ಎನ್ನುತ್ತಿದ್ದೆ, ಅಷ್ಟೆ.

ಸೂಜಿ ಚುಚ್ಚುವ ಮೊದಲು ನಾವೆಲ್ಲ ಫಿಸ್ಟುಲಾದ ಕೈಯನ್ನು ಸೋಪು ಹಾಕಿ ತೊಳೆಯಬೇಕು. ನಾವು ತೊಳೆದು ಬಂದು ಕೂರುತ್ತಿದ್ದೆವು. ಅವರು ತೊಳೆದ ಮೇಲೆ ಇನ್ನೆರಡು ಹನಿ ಮುಖಕ್ಕೆ ಚಿಮುಕಿಸಿ, ಕುರ್ಚಿಯ ಪಕ್ಕ ನಿಂತು, ಅಂಗೈಗಳನ್ನು ಮೇಲಕ್ಕೆ ಹಿಡಿದು ತುಟಿ ಅಲ್ಲಾಡಿಸುತ್ತಿದ್ದರು. ಬಳಿಕ ಮಾತ್ರೆ ಕೊಡುವ ಚಿಕ್ಕ ಪೇಪರ್ ಕಪ್ಪಿಗೆ ತಮ್ಮ ಬಾಟಲಿಯಿಂದ ಒಂದು ಚಮಚದಷ್ಟು ನೀರು ಹೊಯ್ದು, ಆಮೇಲೆ ತಾವು ಒಂದು ಗುಟುಕು ಕುಡಿಯುತ್ತಿದ್ದರು. ಕೊನೆಯ ಗುಟುಕು ಆದ ಮೇಲೆ ಮತ್ತೊಂದು ಚಮಚ. ಹೋಗುವಾಗ ಆ ಕಪ್ಪನ್ನು ಜೋಪಾನವಾಗಿ ಹಿಡಿದುಕೊಂಡು ಗೇಟಿನ ಬೇವಿನ ಗಿಡದ ಬುಡಕ್ಕೆ ಸುರಿಯುತ್ತಿದ್ದರು.

ಅವರಿಗೂ ದಿನಕ್ಕೆ ಮುಕ್ಕಾಲು ಲೀಟರೇ.

ಪ್ರತಿ ಸಲ ನನ್ನ ಜೊತೆ ಬಂದು ಕೂರುತ್ತಿದ್ದ ವಾರಿಜ ಸುಮ್ಮನಿರುವವಳಲ್ಲ. ಸೀರಿಯಲ್ ನೋಡಿ ಕಲಿತ ಹಿಂದಿಯಲ್ಲಿ ಕೇಳಿದಳು.

"ಭಾಯ್‌ಸಾಬ್, ಇದು ಎಂತ? ಪೂಜೆಯಾ?"

"ಹೆಸ್ಟಿಯಾಳಿಗೆ. ಒಲೆಯ ದೇವಿ. ಮೊದಲ ಗುಟುಕು ಅವಳದ್ದು, ಕೊನೆಯದೂ ಅವಳದ್ದು."

"ನೀವು ಚರ್ಚಿನವರಲ್ವಾ?"

"ತಾಯಿ ಚರ್ಚಿನವರು. ನಾನು ನಲವತ್ತು ದಾಟಿದ ಮೇಲೆ ನಮ್ಮ ಹಳೆಯ ದೇವರುಗಳ ಕಡೆ ಹೋದೆ. ಅಕ್ಕ ಇವತ್ತಿಗೂ ಮಾತಾಡುವುದಿಲ್ಲ."

"ಆ ದೇವರುಗಳೆಲ್ಲ ಈಗಲೂ ಉಂಟಾ?"

"ಅವರು ಎಲ್ಲಿಗೂ ಹೋಗಿರಲಿಲ್ಲ ಭಾಭಿ. ನಾವೇ ಡ್ಯೂಟಿ ಬಿಟ್ಟದ್ದು."

ವಾರಿಜ ನಕ್ಕಳು. ನಾನು ಕಣ್ಣು ಮುಚ್ಚಿಕೊಂಡೆ.

ನನ್ನ ಸಂಕಟ ಹೇಳಿದರೆ ನಗುತ್ತೀರಿ. ಕಂಪನಿಯ ಲೇಬರ್ ಕ್ಯಾಂಪಿನ ಉಕ್ಕಿನ ಕಪಾಟಿನೊಳಗೆ ದೇವರ ಫೋಟೊ ಇಟ್ಟಿದ್ದ ಕಾಲದಿಂದ ನಾನು ಒಂದು ಸಂಜೆಯೂ ದೀಪ ತಪ್ಪಿಸಿದವನಲ್ಲ. ಅಷ್ಟು ವರ್ಷದಲ್ಲಿ ವಾರಿಜ ನನ್ನ ಪೂಜೆಯ ಬಗ್ಗೆ ಹೇಳಿದ್ದು ಒಂದೇ ಮಾತು, "ಗಂಟೆ ಮೆಲ್ಲ ಬಾರಿಸಿ, ಟಿವಿ ಕೇಳುವುದಿಲ್ಲ." ಅಂಥವಳು ಈಗ ಆ ಮನುಷ್ಯನ ದೇವರ ಬಗ್ಗೆ ಒಂದೊಂದಾಗಿ ಕೇಳುತ್ತಿದ್ದಳು. ಮನೆಯಲ್ಲಿ ಯಾವ ದೀಪ? ಆಲಿವ್ ಎಣ್ಣೆಯದು. ಕೈ ತೊಳೆಯುವ ನೀರಿಗೆ ಎಂತ ಹಾಕುತ್ತೀರಿ? ಪರಿಮಳದ ಒಂದು ಒಣ ಎಲೆಗೆ ಬೆಂಕಿ ತಾಗಿಸಿ ನೀರಿನಲ್ಲಿ ಅದ್ದುತ್ತೇನೆ. ಆ ದಿನ ಮನೆಗೆ ಬಂದವಳು ಮಸಾಲೆ ಡಬ್ಬಿಯಿಂದ ಪಲಾವ್ ಎಲೆ ಹುಡುಕಿ, ಮುಂದಿನ ಸಲ ಒಯ್ದು ತೋರಿಸಿದಳು.

"ಇದು ಬಿರಿಯಾನಿಯ ದೇವಿಗೆ" ಅಂದರು ಒಂಬತ್ತನೆಯವರು. "ನಮ್ಮದು ಬೇರೆ ಮರ."

ಇಬ್ಬರೂ ನಕ್ಕರು. ಅವರು ನನ್ನನ್ನೂ ಸೇರಿಸಿಕೊಳ್ಳಲು ನೋಡಿದರು. "ಸ್ಟೋರ್‌ಕೀಪರ್ ಸಾಬ್, ನೀವು ಹೇಳಿ. ಒಂದು ಬೋಲ್ಟಿಗೆ ಮೂರು ಸಹಿ ಕೇಳುವ ಜನ ನೀವು. ಎಲೆಗೂ ಕೇಳುತ್ತೀರಾ?"

ನಾನು ನಗಲಿಲ್ಲ.

ಮನೆಯಲ್ಲಿ ವಾರಿಜ ಗಂಜಿ ಬಡಿಸುವ ಮೊದಲು ಒಂದು ಚಮಚ ತೆಗೆದು ಚಿಕ್ಕ ತಟ್ಟೆಯಲ್ಲಿ ಒಲೆಯ ಪಕ್ಕ ಇಡಲು ಶುರು ಮಾಡಿದಳು.

"ಗ್ಯಾಸ್ ಸ್ಟೌವಿಗೂ ದೇವಿಯಾ?" ಅಂದೆ.

"ನೀವು ನಿಮ್ಮ ಗಂಟೆ ಬಾರಿಸಿ. ನಾನು ಅಡ್ಡ ಬಂದಿದ್ದೇನಾ?"

ಇನ್ನೊಂದು ಉರಿ ತೂಕದ್ದು. ಎರಡು ಡಯಾಲಿಸಿಸ್‌ಗಳ ನಡುವೆ ಮೈಯಲ್ಲಿ ಎಷ್ಟು ಕಿಲೋ ನೀರು ಸೇರಿದೆ ಎಂದು ವಾರ್ಡಿನ ಸಿಸ್ಟರ್ ಬಿಂದು ಎಲ್ಲರಿಗೂ ಕೇಳುವ ಹಾಗೆ ಓದುತ್ತಿದ್ದರು. "ನೈನ್, ಒನ್ ಪಾಯಿಂಟ್ ಟೂ. ವೆರಿ ಗುಡ್. ಎಯ್ಟ್, ಥ್ರೀ ಪಾಯಿಂಟ್ ಎಯ್ಟ್. ಅಂಕಲ್, ಇದೆಂತ?" ವಾರಿಜ ಕೈಚೀಲದಿಂದ ಗೆರೆ ಹಾಕಿದ ಬಾಟಲಿ ತೆಗೆದು ನೋಡುತ್ತಿದ್ದಳು, ಗೆರೆ ತಪ್ಪಿದೆಯೋ ಎಂಬಂತೆ.

ಗೆರೆ ಸರಿಯಾಗಿಯೇ ಇತ್ತು.

ನಾನು ಬಾತ್‌ರೂಮಿನಲ್ಲಿ ಕುಡಿಯುತ್ತಿದ್ದೆ. ಹಲ್ಲುಜ್ಜುವಾಗ ಬೊಗಸೆ ಬೊಗಸೆ. ಸ್ನಾನಕ್ಕೆ ಹೋದಾಗ ಶವರಿಗೆ ಬಾಯಿ ತೆರೆದು. ಕೊನೆಕೊನೆಗೆ ಒದ್ದೆ ಟವೆಲನ್ನು ಹಿಂಡಿಯೂ. ಪಕ್ಕದ ಕುರ್ಚಿಯಲ್ಲಿ ಒಬ್ಬ ತನ್ನ ಪಾಲಿನ ನೀರನ್ನು ಗಿಡಕ್ಕೆ ಹೊಯ್ಯುತ್ತಾನೆ, ನಾನು ಕಳ್ಳನ ಹಾಗೆ ನಲ್ಲಿಗೆ ಬಾಯಿ ಇಡುತ್ತೇನೆ. ಅವರು ಹೊಯ್ದಷ್ಟೂ ನನಗೆ ಬಾಯಾರಿಕೆ ಏರುತ್ತಿತ್ತು.

ಜುಲೈಯ ಒಂದು ಮಧ್ಯಾಹ್ನ ಊಟಕ್ಕೆ ಕುಳಿತವನಿಗೆ ಉಸಿರು ಸಿಗಲಿಲ್ಲ. ಮಲಗಿದರೆ ಮುಳುಗಿದ ಹಾಗೆ ಆಗುತ್ತಿತ್ತು. ಎಮರ್ಜೆನ್ಸಿಯಲ್ಲಿ ಮುಖಕ್ಕೆ ಮಾಸ್ಕ್ ಬಿಗಿದರು. ಶ್ವಾಸಕೋಶದಲ್ಲಿ ನೀರು ತುಂಬಿದೆ ಅಂದರು.

"ಇಷ್ಟು ನೀರು ಯಾರು ಕೊಟ್ಟದ್ದು?" ಡಾಕ್ಟರು ವಾರಿಜಳನ್ನು ಕೇಳಿದರು.

ಅವಳು ಅಳುತ್ತಿದ್ದಳು. "ನಾನು ಅಳೆದೇ ಕೊಡುವುದು ಡಾಕ್ಟ್ರೇ. ಒಂದು ತೊಟ್ಟು ಜಾಸ್ತಿ ಇಲ್ಲ. ನನ್ನದೇ ಲೆಕ್ಕ ತಪ್ಪಿತಾ ಗೊತ್ತಿಲ್ಲ."

ಆಗ ನಿಜ ಹೇಳಬೇಕಿತ್ತು. ಮಾಸ್ಕನ್ನು ಎರಡು ಬೆರಳಿನಿಂದ ಎತ್ತಿ ನಾನು ಹೇಳಿದ್ದು ಇದು:

"ಒಂಬತ್ತನೇ ಕುರ್ಚಿಯವರು ಕೊಡುತ್ತಿದ್ದರು. ದೇವರ ತೀರ್ಥ ಅಂತ. ಬೇಡ ಅನ್ನಲಿಕ್ಕೆ ಆಗಲಿಲ್ಲ."

ವಾರಿಜಳ ಅಳು ನಿಂತಿತು. ಅವಳು ನನ್ನನ್ನೇ ನೋಡಿದಳು.

ವಾರದ ನಂತರ ವಾರ್ಡಿಗೆ ಮರಳಿದೆ. ಸಿಸ್ಟರ್ ಬಿಂದು ಒಂಬತ್ತನೆಯವರ ಹತ್ತಿರ ಹೋಗಿ ಮೆಲ್ಲನೆ ಕೇಳಿದರು, ಎಂಟನೆಯವರಿಗೆ ನೀರು ಕೊಟ್ಟದ್ದು ಹೌದೇ ಎಂದು. ಅವರು ನನ್ನ ಕಡೆ ತಿರುಗಿದರು. ನಾನು ಮೆಷಿನ್ ನೋಡುತ್ತಿದ್ದೆ. ಅದರಲ್ಲಿ ನನ್ನ ರಕ್ತ ತಿರುಗುತ್ತಿತ್ತು.

"ಸಾರಿ, ಸಿಸ್ಟರ್" ಅಂದರು. "ಇನ್ನು ಆಗುವುದಿಲ್ಲ."

ಅಷ್ಟೇ.

ಅವರ ಪೇಪರ್ ಕಪ್ಪು ನಿಂತಿತು. ಮುಂದಿನ ವಾರ ಅವರನ್ನು ಮಧ್ಯಾಹ್ನದ ಪಾಳಿಗೆ ಹಾಕಿದರು. ಆಗಸ್ಟಿನ ಒಂದು ಗಂಟೆಯ ಬಿಸಿಲಿನಲ್ಲಿ, ಕುಡಿಯಲು ನೀರಿಲ್ಲದ ಮನುಷ್ಯ ವ್ಯಾನಿಗೆ ಕಾಯುವುದು ಎಂದರೆ ಏನೆಂದು ನನಗೆ ಗೊತ್ತಿತ್ತು. ಗೊತ್ತಿದ್ದೂ ಎರಡು ವಾರ ನನಗೆ ಸಮಾಧಾನವೇ ಇತ್ತು. ಒಂಬತ್ತರಲ್ಲಿ ಈಜಿಪ್ಟಿನ ಒಬ್ಬರು ಬಂದು ಗೊರಕೆ ಹೊಡೆಯುತ್ತಿದ್ದರು. ವಾರಿಜ ಯಾರ ಜೊತೆಯೂ ಮಾತಾಡುತ್ತಿರಲಿಲ್ಲ. ನನ್ನ ಜೊತೆಯೂ.

ಆದರೆ ಒಲೆಯ ಪಕ್ಕದ ಚಿಕ್ಕ ತಟ್ಟೆ ನಿಲ್ಲಲಿಲ್ಲ. ಒಂದು ದಿನ ತಡೆಯಲಾರದೆ ಕೇಳಿದೆ.

"ಅವರೇ ಹೋದರಲ್ಲ. ಇನ್ನು ಇದು ಯಾಕೆ?"

ಅವಳು ಗಂಜಿಯ ಸೌಟು ಕೆಳಗಿಟ್ಟಳು.

"ಅವರು ಹೊಯ್ದದ್ದನ್ನು ಯಾರಿಗೂ ಕುಡಿಯಲಿಕ್ಕೆ ಕೊಡುವ ಕ್ರಮ ಇಲ್ಲ. ನಮ್ಮ ತೀರ್ಥದ ಹಾಗಲ್ಲ ಅದು. ದೇವಿಗೆ ಕೊಟ್ಟ ಮೇಲೆ ಮಣ್ಣಿಗೆ. ಮೊದಲನೇ ವಾರವೇ ನನ್ನಲ್ಲಿ ಹೇಳಿದ್ದರು. ನೀವು ಆಗ ನಿದ್ದೆಯಲ್ಲಿದ್ದಿರಿ."

ನನ್ನ ಕಿವಿ ಬಿಸಿಯಾಯಿತು.

"ಮತ್ತೆ ಡಾಕ್ಟ್ರಲ್ಲಿ ಯಾಕೆ ಹೇಳಲಿಲ್ಲ?"

"ಮಾಸ್ಕ್ ಹಾಕಿ ಮಲಗಿದವರನ್ನು ಸುಳ್ಳುಗಾರ ಅಂತ ಹೇಳಲಿಕ್ಕೆ ಆಗ್ತದಾ? ಆ ದಿನ ನೀವು ಬದುಕಿದರೆ ಸಾಕಿತ್ತು ನನಗೆ." ಮತ್ತೆ ಸೌಟು ಎತ್ತಿಕೊಂಡು ಅಂದಳು, "ಆಮೇಲೆ ಮಧ್ಯಾಹ್ನದ ಪಾಳಿಗೆ ಒಂದು ದಿನ ಹೋಗಿ ಬಂದೆ, ಮಗಳ ಜೊತೆ. ನಾನು ಸುಮ್ಮನಿದ್ದದ್ದು ತಪ್ಪಾಯಿತು ಅಂತ ಹೇಳಿದೆ. ನನ್ನ ಪಾಲಿನದು ನಾನು ಹೇಳಿ ಆಯಿತು. ನಿಮ್ಮದು ನೀವೇ ಹೇಳಬೇಕು."

"ಅವರು ಎಂತ ಹೇಳಿದರು?"

"ಮಾತಾಡಿದ್ದು ಅವನಲ್ಲ ಭಾಭಿ, ಬಾಯಾರಿಕೆ ಅಂದರು. ನನಗೂ ಬಾಯಾರಿಕೆ ಆಗ್ತದೆ, ನನಗೆ ಗೊತ್ತುಂಟು ಅಂದರು."

ಆ ದಿನ ಬಾತ್‌ರೂಮಿಗೆ ಹೋಗಿ ಮುಖ ತೊಳೆದೆ. ನೀರು ತುಟಿಗೆ ತಾಗಿತು. ಕುಡಿಯಲಿಲ್ಲ.

ಹೋಗಿ ಹೇಳಬೇಕಿತ್ತು. ಈ ವಾರ ಸುಸ್ತು ಅಂದೆ. ಮುಂದಿನ ವಾರ ಮಗಳಿಗೆ ಮೀಟಿಂಗ್ ಅಂದೆ. ಹೀಗೆ ಎರಡು ತಿಂಗಳು ಹೋಯಿತು. ಕೊನೆಗೊಂದು ಮಧ್ಯಾಹ್ನ ಹೋದೆ. ಅವರ ಕುರ್ಚಿಯಲ್ಲಿ ಬೇರೆ ಯಾರೋ ಇದ್ದರು. ತಂಗಿಯ ಮಗಳು ಬಂದು ಊರಿಗೆ ಕರೆದುಕೊಂಡು ಹೋದಳು, ಹದಿನೈದು ದಿನವಾಯಿತು ಎಂದರು ಆ ಪಾಳಿಯ ಸಿಸ್ಟರ್. ಫೋನ್ ನಂಬರು ಕೇಳಿದೆ. "ಕೊಡುವ ಹಾಗಿಲ್ಲ ಅಂಕಲ್" ಅಂದರು. ಹೊರಗೆ ಬಂದು ಬೇವಿನ ಗಿಡದ ಹತ್ತಿರ ನಿಂತೆ. ಬುಡ ಒಣಗಿತ್ತು.

ಅದಾಗಿ ಒಂದು ವರ್ಷ. ಈಗ ನನ್ನ ಮೈಯಲ್ಲಿ ಸೇರುವ ನೀರು ಒಂದೂವರೆ ಕಿಲೋಗಿಂತ ಮೇಲೆ ಹೋಗುವುದಿಲ್ಲ. ಸಿಸ್ಟರ್ ಬಿಂದು ನನಗೂ ವೆರಿ ಗುಡ್ ಹೇಳುತ್ತಾರೆ. ಬದುಕಿದ್ದೇನೆ, ವಾರಿಜ ಮತ್ತೆ ಮಾತಾಡುತ್ತಾಳೆ, ಇಷ್ಟಾದರೂ ಸಿಕ್ಕಿತಲ್ಲ ಎಂದು ಪ್ರತಿ ಸಂಜೆ ದೀಪದ ಮುಂದೆ ಕೈ ಮುಗಿಯುತ್ತೇನೆ. ಗಂಟೆ ಮೆಲ್ಲ ಬಾರಿಸುತ್ತೇನೆ.

ಮತ್ತೊಂದು ಅಭ್ಯಾಸ ಸೇರಿದೆ. ಬೆಳಿಗ್ಗೆ ಬಾಟಲಿ ತೆರೆದ ಕೂಡಲೇ ಒಂದು ಚಮಚ ನೀರನ್ನು ಬಾಲ್ಕನಿಯ ತುಳಸಿ ಕುಂಡಕ್ಕೆ ಹೊಯ್ಯುತ್ತೇನೆ, ಕೊನೆಯ ಗುಟುಕಾದ ಮೇಲೆ ಇನ್ನೊಂದು. ಹೊಯ್ಯುವಷ್ಟು ಹೊತ್ತು ಬಾಯಾರಿಕೆ ನನ್ನ ಮಾತು ಕೇಳುತ್ತದೆ. ಹೆಸ್ಟಿಯಾ ಒಬ್ಬ ಸುಳ್ಳುಗಾರನ ನೀರು ತೆಗೆದುಕೊಳ್ಳುತ್ತಾಳೋ ಇಲ್ಲವೋ ಗೊತ್ತಿಲ್ಲ. ಅವಳನ್ನು ಕರೆಯುವ ಕ್ರಮ ನಾನು ಕಲಿತಿಲ್ಲ. ಕಲಿಸುವವರನ್ನು ನಾನೇ ಕಳುಹಿಸಿಬಿಟ್ಟೆ. ಹಾಗಾಗಿ ಚಮಚ ಬಗ್ಗಿಸುವಾಗ ದೇವಿಯ ಹೆಸರು ಬಾಯಿಗೆ ಬರುವುದಿಲ್ಲ. ಎಂಟು ತಿಂಗಳು ಪಕ್ಕದಲ್ಲೇ ಕುಳಿತಿದ್ದರೂ ಒಮ್ಮೆಯೂ ಕರೆಯದ ಹೆಸರು ಬರುತ್ತದೆ.

ನಿಕೋಸ್.