ಹನ್ನೊಂದಕ್ಕೆ ಹನ್ನೊಂದು

ನೋಟಿಸ್ ಬೋರ್ಡಿನ ಗಾಜಿನ ಹಿಂದೆ ಹಾಜರಾತಿ ಪಟ್ಟಿ ಹಾಕಿದ್ದರು. ಧನಶ್ರೀ ಗುಂಪಿನಲ್ಲಿ ನುಗ್ಗಿ, ಗಾಜಿನ ಮೇಲೆ ಬೆರಳಿಟ್ಟು, ತನ್ನ ಹೆಸರಿನ ಸಾಲು ಹಿಡಿದು ಓದಿದಳು. ಗಣಿತ ಎಪ್ಪತ್ತು ಪರ್ಸೆಂಟು. ಕೆಮಿಸ್ಟ್ರಿ ಅರವತ್ತೊಂಬತ್ತು. ಎರಡೂ ಅವಳು ಮೊದಲೇ ಅಂದುಕೊಂಡಿದ್ದಂಥವೇ. ಸೈಕಲ್ ರೇಸಿಗೆ ಹೋದ ದಿನಗಳ ಪತ್ರ ಕೊಟ್ಟರೆ ಕೊರತೆ ಮನ್ನಾ ಆಗುತ್ತಿತ್ತು. ಕೊನೆಯ ಕಾಲಮ್ಮಿನಲ್ಲಿ ಶನಿವಾರದ ಫಿಸಿಕ್ಸ್ ಪ್ರಾಕ್ಟಿಕಲ್ಸ್ ಇತ್ತು. ಅಲ್ಲಿ ಹನ್ನೊಂದಕ್ಕೆ ಹನ್ನೊಂದು ಎಂದು ಬರೆದಿತ್ತು.

ಅವಳು ಹೋಗಿದ್ದು ಎರಡೇ ಎರಡು.

ಪಕ್ಕದಲ್ಲಿದ್ದವರು ತಮ್ಮ ತಮ್ಮ ಸಂಖ್ಯೆ ನೋಡಿಕೊಂಡು ನಗುತ್ತ ಹೊರಟರು. ಧನಶ್ರೀಗೆ ಮಾತ್ರ ಬೆನ್ನ ಮೇಲೆ ಯಾರೋ ಕಣ್ಣಿಟ್ಟಂತಾಯಿತು. ಕೇಳದೆ ಇದ್ದದ್ದನ್ನು ಯಾರಾದರೂ ಸುಮ್ಮನೆ ಕೊಡುತ್ತಾರೆಯೇ?

ಟೇಕಲ್ ಬೆಟ್ಟದ ಬುಡದಲ್ಲಿ ಅವಳ ಮನೆ. ಅಪ್ಪ ಶಿವಕುಮಾರ್ ಮಾಲೂರಿನ ಹೆಂಚಿನ ಕಾರ್ಖಾನೆಗೆ ಹೋಗುತ್ತಾರೆ, ಅಮ್ಮ ಮುನಿಯಲ್ಲಮ್ಮ ಮನೆಯ ಹಿಂದಿನ ಹುಳು ಮನೆಯಲ್ಲಿ ರೇಷ್ಮೆ ಸಾಕುತ್ತಾಳೆ. ಹಿಪ್ಪುನೇರಳೆ ಸೊಪ್ಪಿನ ಹೊರೆಯನ್ನು ಸೈಕಲ್ಲಿಗೆ ಕಟ್ಟಿಕೊಂಡು, ಕಲ್ಲು ಬದುವಿನ ಮೇಲೆ ಆಯ ತಪ್ಪದೆ ತುಳಿದುಕೊಂಡು ಬರುವುದು ಧನಶ್ರೀಗೆ ಹತ್ತು ವರ್ಷದಿಂದ ಬಂದ ಅಭ್ಯಾಸ. ಪಿಯುಸಿಯಲ್ಲಿದ್ದಾಗ ಶಿಬಿರಕ್ಕೆಂದು ತೇರಹಳ್ಳಿ ಬೆಟ್ಟಕ್ಕೆ ಸೈಕಲ್ ತುಳಿದವರ ಪೈಕಿ ಎಲ್ಲೂ ಇಳಿಯದೆ ಮೇಲೆ ಮುಟ್ಟಿದವಳು ಇವಳೊಬ್ಬಳೇ, ಅದೂ ಗೇರಿಲ್ಲದ ಲೇಡೀಸ್ ಸೈಕಲ್ಲಿನಲ್ಲಿ. ಕೋಲಾರದಲ್ಲಿ ಸೈಕಲ್ ಅಂಗಡಿ ಇಟ್ಟಿದ್ದ ಭೀಮರಾಜ್ ಅದನ್ನು ನೋಡಿದರು. ಒಂದು ಕಾಲಕ್ಕೆ ಅವರೂ ರೇಸಿಗೆ ಹೋದವರು. ತಮ್ಮ ಹಳೆಯ ಮೌಂಟೇನ್ ಬೈಕನ್ನು ಅವಳಿಗೆ ಕೊಟ್ಟು, ಶನಿವಾರ ಶನಿವಾರ ಬೆಟ್ಟದಲ್ಲಿ ತರಬೇತಿ ಶುರು ಮಾಡಿದರು.

ಅಲ್ಲಿಂದ ಅವಳ ದಿನ ಎರಡು ತುಂಡಾಯಿತು. ಬೆಳಕು ಹರಿಯುವ ಹೊತ್ತಿಗೆ ಬಂಡೆಗಳ ನಡುವೆ ಒಂದು ಗಂಟೆ ಸವಾರಿ, ಆಮೇಲೆ ಹುಳುಗಳಿಗೆ ಸೊಪ್ಪು, ಎಂಟರ ಬಸ್ಸಿಗೆ ಕೋಲಾರದ ಬೈಪಾಸ್ ಪಕ್ಕದ ಖಾಸಗಿ ಕಾಲೇಜು. ಬಸ್ಸಿನಲ್ಲಿ ಸೀಟು ಸಿಕ್ಕರೆ ನೋಟ್ಸು, ಸಿಗದಿದ್ದರೆ ನಿಂತೇ ತೂಕಡಿಕೆ. ಬಿಎಸ್ಸಿ ಎರಡನೇ ವರ್ಷಕ್ಕೆ ಬರುವಷ್ಟರಲ್ಲಿ ಕಾಲಿನ ತುಂಬ ತರಚು ಗಾಯ, ರೆಕಾರ್ಡ್ ಪುಸ್ತಕದ ತುಂಬ ಖಾಲಿ ಹಾಳೆ. ಶನಿವಾರದ ಪ್ರಾಕ್ಟಿಕಲ್ಸನ್ನು ಸೆಮಿಸ್ಟರ್ ಕೊನೆಯಲ್ಲಿ ನಡೆಯುವ ರಿಪಿಟೇಷನ್ ಕ್ಲಾಸಿನಲ್ಲಿ ಮಾಡಿಕೊಂಡರಾಯಿತು ಎಂದು ಮುಂದಕ್ಕೆ ತಳ್ಳುತ್ತಲೇ ಬಂದಿದ್ದಳು.

ಹಾಗಾದರೆ ಆ ಒಂಬತ್ತು ಹಾಜರಿ ಯಾರ ಕೆಲಸ? ಮೊದಲು ಅನುಮಾನ ಹೋದದ್ದು ಚಂದನಳ ಮೇಲೆ. ಬೈರಕೂರಿನಿಂದ ಬಂದು ಕೋಲಾರದ ಹಾಸ್ಟೆಲಿನಲ್ಲಿದ್ದ ಚಂದನ ಇವಳದೇ ಬೆಂಚು, ಇವಳದೇ ಲ್ಯಾಬ್ ಟೇಬಲ್. ಆದರೆ ಎರಡು ತಿಂಗಳಿಂದ ರೆಕಾರ್ಡ್ ಕೊಡೇ ಎಂದರೆ "ಇನ್ನೂ ಬರ್ದಿಲ್ಲ ಕಣೇ" ಎಂದು ಜಾರಿಕೊಳ್ಳುತ್ತಿದ್ದಳು. ರೆಕಾರ್ಡ್ ಕೊಡದವಳು ಹಾಜರಿ ಕೂಗುತ್ತಾಳೆಯೇ? ಕೂಗಿದರೆ ಅದರಲ್ಲಿ ಅವಳಿಗೇನು ಲಾಭ?

ಕ್ಯಾಂಟೀನಿನಲ್ಲಿ ಹಿಡಿದು ಕೇಳಿದಳು. "ನಿಜ ಹೇಳೇ. ಲ್ಯಾಬಲ್ಲಿ ನನ್ನ ಹೆಸರಿಗೆ ನೀನು ಯೆಸ್ ಸರ್ ಅಂತಿದ್ದೀಯಾ?"

"ದೇವ್ರ ಮೇಲಾಣೆ, ನಾನಲ್ಲ."

"ಮತ್ಯಾರು?"

"ನಂಗೇನ್ ಗೊತ್ತು? ಬಂದಿದ್ದು ಬಂತು, ಸುಮ್ನೆ ಇಟ್ಕೊ." ಹಾಗೆಂದ ಚಂದನ ಚಿತ್ರಾನ್ನವನ್ನು ಅರ್ಧಕ್ಕೇ ಬಿಟ್ಟು ಎದ್ದಳು. ಅವಳು ತಟ್ಟೆಯಲ್ಲಿ ಅನ್ನ ಬಿಟ್ಟದ್ದನ್ನು ಧನಶ್ರೀ ಹಿಂದೆಂದೂ ನೋಡಿರಲಿಲ್ಲ.

ಎರಡು ದಿನ ಕಳೆದು ಪ್ರಿನ್ಸಿಪಾಲರಿಂದ ಕರೆ ಬಂತು. ಪ್ರಿನ್ಸಿಪಾಲ್ ಶ್ಯಾಮಲಮ್ಮ ಜಾಸ್ತಿ ಮಾತಾಡುವವರಲ್ಲ. ಮೇಜಿನ ಮೇಲೆ ಎರಡು ಕಾಗದ ಇಟ್ಟಿದ್ದರು. ಒಂದು ಸಹಿಯಿಲ್ಲದ ಅರ್ಜಿ. ಇನ್ನೊಂದು ಅದಕ್ಕೆ ಪಿನ್ ಮಾಡಿದ್ದ ಪೇಪರ್ ತುಣುಕು. ಗದಗಿನ ರಾಜ್ಯ ಮಟ್ಟದ ರೇಸಿನಲ್ಲಿ ಎರಡನೆಯವಳಾಗಿ ಬಂದು, ಕೆನ್ನೆಗೆ ಮಣ್ಣು ಮೆತ್ತಿಕೊಂಡು, ಪದಕ ಹಿಡಿದು ನಿಂತ ಧನಶ್ರೀಯ ಫೋಟೋ. ಕೆಳಗಿನ ಸುದ್ದಿಯಲ್ಲಿ 'ಶನಿವಾರ ನಡೆದ' ಎಂಬ ಮಾತಿಗೆ ಯಾರೋ ಕೆಂಪು ಶಾಯಿಯಲ್ಲಿ ಗೆರೆ ಎಳೆದಿದ್ದರು.

"ಆ ಶನಿವಾರ ನೀನು ಲ್ಯಾಬಲ್ಲಿದ್ದೆ ಅಂತ ರಿಜಿಸ್ಟರ್ ಹೇಳುತ್ತೆ. ಗದಗಲ್ಲಿದ್ದೆ ಅಂತ ಪೇಪರ್ ಹೇಳುತ್ತೆ. ಯಾವ್ದು ಸರಿ?"

"ಗದಗ, ಮೇಡಂ."

"ಹಾಜರಿ ಯಾರು ಹಾಕಿಸಿದ್ರು?"

"ಗೊತ್ತಿಲ್ಲ ಮೇಡಂ. ನಾನಂತೂ ಯಾರ್ನೂ ಕೇಳಿಲ್ಲ."

ಶ್ಯಾಮಲಮ್ಮ ಕನ್ನಡಕ ತೆಗೆದು ಅವಳನ್ನೇ ನೋಡಿದರು. ನಂಬಿದ ನೋಟವಲ್ಲ ಅದು. "ಸೋಮವಾರ ಬಾ. ಅಷ್ಟರೊಳಗೆ ನೆನಪಾದ್ರೆ ಒಳ್ಳೇದು."

ಹೊರಗೆ ಬಂದಾಗ ಕಾರಿಡಾರಿನ ಪ್ರತಿ ಮುಖವೂ ಅವಳಿಗೆ ಆ ಅರ್ಜಿ ಬರೆದ ಮುಖದಂತೆ ಕಂಡಿತು. ಆ ತುಣುಕನ್ನು ಕತ್ತರಿಸಿದ ಕೈ ಯಾವುದು? ಅದು ಪೇಪರಿನಲ್ಲಿ ಬಂದು ತಿಂಗಳಾಗಿತ್ತು. ತಿಂಗಳಿಡೀ ಯಾರೋ ಅದನ್ನು ಜೋಪಾನವಾಗಿ ಇಟ್ಟುಕೊಂಡಿದ್ದರು.

ಸಂಜೆ ಬಸ್ ಸ್ಟ್ಯಾಂಡಿನಲ್ಲಿ ಫಿಸಿಕ್ಸ್ ಮೇಷ್ಟ್ರು ಚಂದ್ರಮೋಹನ್ ಎದುರಾದರು. ಒಂದೂವರೆ ವರ್ಷದಲ್ಲಿ ಅವಳನ್ನು ಹೆಸರು ಹಿಡಿದು ಕರೆಯದವರು, ಅವತ್ತು "ಬಾಮ್ಮ ಧನಶ್ರೀ, ಟೀ ಕುಡಿ" ಎಂದರು. ಟೀ ಬಂತು. ಗ್ಲಾಸು ಕೈಗೆ ಕೊಡುತ್ತಲೇ ಮಾತು ತೆಗೆದರು.

"ನೋಡಮ್ಮ, ಆ ಹಾಜರಿ ಹಾಕಿದ್ದು ನಾನೇ. ಜಿಲ್ಲೆಗೆ ಹೆಸರು ತರೋ ಹುಡುಗಿ, ತೊಂದ್ರೆ ಆಗಬಾರ್ದು ಅಂತ. ಈಗ ಯಾರೋ ಹೊಟ್ಟೆಕಿಚ್ಚಿಗೆ ಅರ್ಜಿ ಬರೆದಿದ್ದಾರೆ. ನೀನು ಒಂದು ಸಹಿ ಹಾಕಿದ್ರೆ ಮುಗೀತು."

ಬ್ಯಾಗಿನಿಂದ ಟೈಪ್ ಮಾಡಿದ ಹಾಳೆ ತೆಗೆದರು. 'ನಾನು ಕ್ರೀಡಾಪಟುವಾಗಿದ್ದು, ಹಾಜರಾತಿ ನೀಡುವಂತೆ ನಾನೇ ಪದೇಪದೇ ಕೋರಿಕೊಂಡ ಕಾರಣ...' ಎಂದು ಶುರುವಾಗುತ್ತಿತ್ತು.

"ನಾನು ಕೇಳ್ಕೊಂಡಿಲ್ವಲ್ಲ ಸರ್."

"ಬರವಣಿಗೆ ಹಾಗೇ ಇರ್ಬೇಕಮ್ಮ. ಎಚ್ಚರಿಕೆ ಕೊಟ್ಟು ಬಿಡ್ತಾರೆ ಅಷ್ಟೇ. ಇಂಟರ್ನಲ್ಸ್ ನಾನು ನೋಡ್ಕೊತೀನಿ."

"ಸರ್, ಗದಗಲ್ಲಿ ನನ್ನದು ಯಾವ ರೇಸು ಅಂತ ನಿಮಗೆ ಗೊತ್ತಾ?"

ಅವರು ಒಂದು ಕ್ಷಣ ತಡವರಿಸಿದರು. "ಓಟದ್ದಲ್ವಾ?"

ಧನಶ್ರೀ ಗ್ಲಾಸು ಕೆಳಗಿಟ್ಟಳು. ಮನೆಯಲ್ಲಿ ತೋರಿಸಿ ಸಹಿ ಹಾಕುತ್ತೇನೆ ಎಂದು ಹಾಳೆ ಮಡಚಿಕೊಂಡು ಬಸ್ಸು ಹತ್ತಿದಳು. ಕಿಟಕಿಯಿಂದ ನೋಡಿದರೆ ಮೇಷ್ಟ್ರು ಇನ್ನೂ ಅಲ್ಲೇ ನಿಂತು, ಬಸ್ಸು ತಿರುಗುವವರೆಗೂ ಇವಳನ್ನೇ ನೋಡುತ್ತಿದ್ದರು.

ಮುನಿಯಲ್ಲಮ್ಮ ಹುಳುಗಳಿಗೆ ಸೊಪ್ಪು ಹರಡುತ್ತಿದ್ದಳು. ಮಗಳು ಓದಿ ಹೇಳಿದ್ದನ್ನು ಕೈ ನಿಲ್ಲಿಸದೆ ಕೇಳಿಸಿಕೊಂಡಳು.

"ನೀನು ಕೇಳ್ಕೊಂಡಿದ್ದೀಯೇನೇ?"

"ಅಮ್ಮ, ನೀನೂ ಹಿಂಗೆ ಕೇಳ್ತೀಯಾ?"

"ಕೇಳ್ದೆ ಹೆಂಗೆ ಗೊತ್ತಾಗುತ್ತೆ? ಮೊಣಕಾಲು ಕಿತ್ಕೊಂಡು ಬಂದು, ಬಸ್ಸಲ್ಲಿ ಬಿದ್ದೆ ಅಂತ ಎಷ್ಟು ದಿನ ಹೇಳಿದ್ದೆ ನಂಗೆ?"

ಧನಶ್ರೀ ತಲೆ ತಗ್ಗಿಸಿದಳು. ಅದು ಸುಳ್ಳಲ್ಲ. ಮೊದಲ ವರ್ಷದ ಅರ್ಧ ಅವಳು ರೇಸಿನ ವಿಷಯ ಮನೆಯಲ್ಲಿ ಮುಚ್ಚಿಟ್ಟಿದ್ದಳು.

"ಕೇಳ್ಕೊಂಡಿಲ್ಲ ಅಮ್ಮ. ನಿನ್ನಾಣೆ."

ಮುನಿಯಲ್ಲಮ್ಮ ಸೆರಗಿಗೆ ಕೈ ಒರೆಸಿಕೊಂಡು, ಹಾಳೆಯನ್ನು ಬೆಳಕಿಗೆ ಹಿಡಿದು, ಒಂದೊಂದೇ ಅಕ್ಷರ ಕೂಡಿಸಿ ಎರಡು ಸಾಲು ಓದಿದಳು. "ನಿನ್ನ ಕಂಡು ಮಾತಾಡೋಕೆ ಮುಂಚೇನೇ ನೀನು ಹೇಳೋದನ್ನ ಬರ್ಕೊಂಡು ಬಂದವ್ರೆ. ನಿಂಗೆ ಒಳ್ಳೇದು ಮಾಡೋ ಮನುಷ್ಯ ಹಂಗ್ ಮಾಡ್ತಾನಾ? ಅವ್ರಿಗೇ ಏನೋ ಭಯ ಐತೆ. ಅದೇನು ಅಂತ ತಿಳ್ಕೊಂಡು ಆಮೇಲೆ ಕೈ ಹಾಕು."

ಸೋಮವಾರ ಧನಶ್ರೀ ಒಂದು ಬಸ್ಸು ಮುಂಚಿತವಾಗಿ ಹೋಗಿ ಹಾಸ್ಟೆಲಿನ ಗೇಟಿನಲ್ಲಿ ನಿಂತಳು. ಚಂದನ ಹೊರಗೆ ಬಂದವಳು ಇವಳನ್ನು ಕಂಡು ಹಿಂದಕ್ಕೆ ತಿರುಗಿದಳು. ಧನಶ್ರೀ ಅವಳ ಬ್ಯಾಗಿನ ಪಟ್ಟಿ ಹಿಡಿದಳು.

"ನಿನ್ನ ರೆಕಾರ್ಡ್ ತೋರ್ಸು."

"ಯಾಕೆ?"

"ತೋರ್ಸೇ."

ಚಂದನ ಬ್ಯಾಗ್ ಬಿಚ್ಚಿ ಪುಸ್ತಕ ತೆಗೆದುಕೊಟ್ಟಳು. ಎರಡು ಪ್ರಯೋಗ ಬರೆದಿತ್ತು. ಮುಂದಿನ ಹಾಳೆಗಳೆಲ್ಲ ಧನಶ್ರೀಯ ಪುಸ್ತಕದ ಹಾಗೆಯೇ ಬಿಳಿ.

"ಶನಿವಾರ ಲ್ಯಾಬೇ ನಡ್ದಿಲ್ಲ," ಎಂದಳು ಚಂದನ. "ಎರಡು ವಾರ ಮಾಡಿದ್ರು. ಆಮೇಲೆ ಸರ್ ಶನಿವಾರ ಮಾಲೂರಿಗೆ ಟ್ಯೂಷನ್ ಸೆಂಟರ್‌ಗೆ ಹೋಗೋಕೆ ಶುರು ಮಾಡಿದ್ರು. ಕ್ಲಾಸಿಗೆಲ್ಲ ಹಾಜರಿ ಅವ್ರೇ ಹಾಕ್ಕೊಂಡ್ರು. ನಾವೂ ಶುಕ್ರವಾರಾನೇ ಊರಿಗೆ ಹೋಗ್ಬೋದು ಅಂತ ಬಾಯಿ ಮುಚ್ಕೊಂಡ್ವಿ. ನಿಂಗೆ ಹೇಳ್ಬಾರ್ದು ಅಂತ ಎಲ್ರೂ ಸೇರಿ ಮಾತಾಡ್ಕೊಂಡಿದ್ವಿ."

"ನಾನೇನ್ ಮಾಡಿದ್ದೆ?"

"ಏನೂ ಇಲ್ಲ. ನೀನು ಶನಿವಾರ ಎಲ್ಲಿರ್ತೀಯ ಅಂತ ಊರಿಗೆಲ್ಲ ಗೊತ್ತಾಗುತ್ತೆ. ನಿನ್ನಿಂದ್ಲೇ ಆಚೆ ಬರುತ್ತೆ ಅನ್ನೋ ಭಯ."

ಧನಶ್ರೀ ಮುಂದಿನ ಪ್ರಶ್ನೆಯನ್ನು ನಿಧಾನವಾಗಿ ಕೇಳಿದಳು. "ಅರ್ಜಿ ಬರೆದಿದ್ದು ನೀನಾ?"

ಚಂದನ ಗೇಟಿನ ಕಂಬಿ ಹಿಡಿದು ಕೆಳಗೆ ನೋಡಿದಳು. "ಪ್ರಾಕ್ಟಿಕಲ್ ಎಕ್ಸಾಮ್‌ಗೆ ಆರೇ ವಾರ ಇದೆ ಕಣೇ. ನಂಗೆ ಸ್ಪೆಕ್ಟ್ರೋಮೀಟರ್ ಹೆಂಗೆ ಸೆಟ್ ಮಾಡೋದು ಅಂತ್ಲೇ ಗೊತ್ತಿಲ್ಲ. ಹೋದ ವರ್ಷಾನೇ ಒಂದು ಸಬ್ಜೆಕ್ಟ್ ಬಿದ್ದಿದ್ದೀನಿ, ಇನ್ನೊಂದು ಹೋದ್ರೆ ಅಪ್ಪ ಓದು ಬಿಡಿಸ್ತಾರೆ. ಕ್ಲಾಸೇ ನಡ್ದಿಲ್ಲ ಅಂತ ಬರೆದ್ರೆ ನಲವತ್ತು ಜನ ನಡೀತು ಅಂತಾರೆ. ಅಲ್ಲಿ ಇರ್ಲಿಲ್ಲ ಅಂತ ಅಚ್ಚಾಗಿರೋ ಸಾಕ್ಷಿ ಇದ್ದಿದ್ದು ನಿಂದೊಬ್ಬಳ್ದೇ."

"ಅದಕ್ಕೆ ನನ್ನ ಕೊಟ್ಟುಬಿಟ್ಟೆ."

"ಸರ್ ಸಿಕ್ಕಿ ಹಾಕ್ಕೊತಾರೆ ಅನ್ಕೊಂಡೆ. ನಿನ್ನ ಕರೀತಾರೆ ಅಂತ ಹೊಳೀಲಿಲ್ಲ."

ಹೊಳೆಯಲಿಲ್ಲವೋ, ಹೊಳೆದರೂ ಕಳಿಸಿದಳೋ, ಧನಶ್ರೀಗೆ ಗೊತ್ತಾಗಲಿಲ್ಲ. ಅವಳ ಕಣ್ಣು ನೋಡಿದರೂ ಗೊತ್ತಾಗಲಿಲ್ಲ. ಪುಸ್ತಕ ಹಿಂದಕ್ಕೆ ಕೊಟ್ಟು ಒಬ್ಬಳೇ ಕಾಲೇಜಿನ ಕಡೆ ನಡೆದಳು.

ಸಹಿ ಹಾಕಿಬಿಟ್ಟರೆ ಒಂದು ಎಚ್ಚರಿಕೆ ಪತ್ರಕ್ಕೆ ಮುಗಿಯುತ್ತಿತ್ತು. ಶನಿವಾರಗಳು ತನಗೇ ಉಳಿಯುತ್ತಿದ್ದವು. ಮುಂದಿನ ತಿಂಗಳು ಮುಳಬಾಗಿಲಿನ ಬೆಟ್ಟದ ಹತ್ತಿರ ರಾಷ್ಟ್ರೀಯ ಸ್ಪರ್ಧೆಗೆ ಆಯ್ಕೆಯ ರೇಸಿತ್ತು, ಅದೂ ಶನಿವಾರವೇ. ಇದನ್ನೆಲ್ಲ ದಾರಿಯುದ್ದಕ್ಕೂ ತೂಗಿದಳು. ತಾನು ಹಾಕುವ ಸಹಿಯ ಹಿಂದೆ ಆ ಮೇಷ್ಟ್ರು ಆರಾಮಾಗಿ ಕೂರುತ್ತಾರೆ ಎನ್ನುವುದೊಂದನ್ನು ಮಾತ್ರ ಸರಿದೂಗಿಸಲಾಗಲಿಲ್ಲ.

ಪ್ರಿನ್ಸಿಪಾಲರ ಮೇಜಿನ ಮೇಲೆ ಟೈಪ್ ಮಾಡಿದ ಹಾಳೆಯನ್ನು ಸಹಿಯಿಲ್ಲದೆಯೇ ಇಟ್ಟಳು.

"ಇದನ್ನ ಚಂದ್ರಮೋಹನ್ ಸರ್ ಕೊಟ್ರು ಮೇಡಂ. ನಾನು ಕೇಳ್ಕೊಂಡಿಲ್ಲ. ಗದಗ ಒಂದೇ ಅಲ್ಲ, ಒಂಬತ್ತು ಶನಿವಾರಾನೂ ನಾನು ಬಂದಿಲ್ಲ. ಅಷ್ಟನ್ನೂ ಹೊಡೆದುಹಾಕಿ."

"ಅಷ್ಟೂ ಹೊಡೆದ್ರೆ ನೀನು ಪರೀಕ್ಷೆಗೆ ಕೂರೋ ಹಾಗಿಲ್ಲ. ಗೊತ್ತಾ?"

"ಗೊತ್ತು ಮೇಡಂ. ಆದ್ರೆ ಹೊಡೆಯೋ ಮುಂಚೆ ನಮ್ಮ ಕ್ಲಾಸಿನ ಎಲ್ಲಾ ರೆಕಾರ್ಡ್ ಪುಸ್ತಕ ಒಂದ್ಸಲ ತರಿಸಿ ನೋಡಿ."

ಯಾರ ಹೆಸರನ್ನೂ ಅವಳು ಹೇಳಲಿಲ್ಲ. ಶ್ಯಾಮಲಮ್ಮ ಬೆಲ್ ಒತ್ತಿದರು. ಮಧ್ಯಾಹ್ನದ ಹೊತ್ತಿಗೆ ನಲವತ್ತೊಂದು ಪುಸ್ತಕ ಬಂದವು. ಎಲ್ಲದರಲ್ಲೂ ಎರಡೇ ಪ್ರಯೋಗ, ಅದೇ ಎರಡು.

ಚಂದ್ರಮೋಹನ್ ಮೇಷ್ಟ್ರ ಕೆಲಸವೇನೂ ಹೋಗಲಿಲ್ಲ. ಆಡಳಿತ ಮಂಡಳಿ ನೋಟಿಸ್ ಕೊಟ್ಟು, ಬಾಕಿ ಒಂಬತ್ತು ಪ್ರಯೋಗಗಳನ್ನು ಶನಿವಾರ, ಭಾನುವಾರ ಎರಡೂ ದಿನ ಕೂರಿಸಿ ಮುಗಿಸಬೇಕೆಂದಿತು. ಹಾಗೆ ನಡೆಸಿದ ದಿನಗಳ ಹಾಜರಿಯನ್ನೇ ಲೆಕ್ಕಕ್ಕೆ ಹಿಡಿಯುವುದೆಂದೂ ಆಯಿತು. ರಜೆ ಕಳೆದುಕೊಂಡ ಕ್ಲಾಸು ಧನಶ್ರೀಯ ಮೇಲೆ ಮುನಿಸಿಕೊಂಡಿತು. ಅರ್ಜಿ ಬರೆದವಳು ಇವಳೇ ಎಂದು ಎಲ್ಲರೂ ನಂಬಿದ್ದರು. ಅವಳು ಅಲ್ಲ ಎನ್ನಲಿಲ್ಲ, ಹೌದೆನ್ನಲೂ ಇಲ್ಲ. ಅದೇ ಟೇಬಲ್ಲಿನ ಎದುರು ಬದಿಯಲ್ಲಿ ಚಂದನ ತಲೆ ಎತ್ತದೆ ರೀಡಿಂಗ್ ಬರೆದುಕೊಳ್ಳುತ್ತಿದ್ದಳು. ಮುಳಬಾಗಿಲಿನ ರೇಸಿನ ದಿನ, ಸ್ಟಾರ್ಟ್ ಕೊಡುವ ಹೊತ್ತಿಗೆ ಸರಿಯಾಗಿ, ಧನಶ್ರೀ ಕತ್ತಲೆ ಕೋಣೆಯಲ್ಲಿ ಸ್ಪೆಕ್ಟ್ರೋಮೀಟರಿನ ಹಳದಿ ಗೆರೆಗೆ ಕಣ್ಣಿಟ್ಟು ಕೂತಿದ್ದಳು. ಭೀಮರಾಜ್ ಫೋನ್ ಮಾಡಲಿಲ್ಲ. ಅವರಿಗೆ ಬೇಜಾರಾಗಿದೆಯೋ, ಅರ್ಥವಾಗಿದೆಯೋ ತಿಳಿಯದೆ ಅವಳು ವಾರವಿಡೀ ಅಂಗಡಿಯ ಕಡೆ ಸುಳಿಯಲಿಲ್ಲ. ಆಮೇಲೊಂದು ದಿನ ಹೋದಾಗ ಬೈಕಿಗೆ ಹೊಸ ಟೈರು ಹಾಕಿಟ್ಟಿದ್ದರು. "ಬೆಟ್ಟ ಅಲ್ಲೇ ಇರುತ್ತೆ," ಎಂದರಷ್ಟೇ.

ಪ್ರಾಕ್ಟಿಕಲ್ಸ್ ಅಂಕ ಬಂದಾಗ ಧನಶ್ರೀ ಕೂಡಿಸಿ, ಮತ್ತೊಮ್ಮೆ ಕೂಡಿಸಿ ನೋಡಿದಳು. ಮೇಷ್ಟ್ರು ಒಂದು ಅಂಕವನ್ನೂ ಮುರಿದಿರಲಿಲ್ಲ. ಆದರೂ ಮುಂದಿನ ಎರಡು ಸೆಮಿಸ್ಟರ್ ಅವಳು ತನ್ನ ಪ್ರತಿಯೊಂದು ಉತ್ತರಪತ್ರಿಕೆಯ ಫೋಟೋ ತೆಗೆದಿಟ್ಟುಕೊಂಡಳು.

ಮರುವರ್ಷ ಶ್ರೀನಿವಾಸಪುರದ ಕಡೆ, ಯಲ್ದೂರಿನ ಮಾವಿನ ತೋಪುಗಳ ನಡುವೆ ಆಯ್ಕೆಯ ರೇಸು ನಡೆಯಿತು. ಹೂ ಬಿಟ್ಟ ಮರಗಳ ಕೆಳಗೆ ಮುನಿಯಲ್ಲಮ್ಮ ಬುತ್ತಿ ಹಿಡಿದು ಕೂತಿದ್ದಳು. ಯಾರೂ ಕರೆಯದಿದ್ದರೂ ಚಂದನ ಬಂದಿದ್ದಳು. ಆ ಸಲ ಎಲ್ಲ ಸಬ್ಜೆಕ್ಟೂ ಪಾಸಾಗಿದ್ದಳು. ಧನಶ್ರೀ ಬೆನ್ನಿಗೆ ನಂಬರ್ ಕಟ್ಟಿಸಿಕೊಳ್ಳುವಾಗ, "ಕೊಡು, ಹಿಡ್ಕೊತೀನಿ," ಎಂದು ಬೈಕನ್ನು ತಾನೇ ಹಿಡಿದು ನಿಂತಳು.

ಬೈಕನ್ನು ವಾಪಸ್ ತೆಗೆದುಕೊಂಡ ಧನಶ್ರೀ ಎರಡೂ ಬ್ರೇಕನ್ನು ಎರಡೆರಡು ಸಲ ಒತ್ತಿ ನೋಡಿದಳು. ಚಂದನ ಅದನ್ನು ಗಮನಿಸಿದಳು. ಹಿಂದೆ ಸರಿದು, ಹಗ್ಗದ ಆಚೆ ಮುನಿಯಲ್ಲಮ್ಮನ ಪಕ್ಕ ಹೋಗಿ ಕೂತಳು. ಧನಶ್ರೀಗೆ ತನ್ನ ಮೇಲೇ ನಾಚಿಕೆಯಾಯಿತು, ಆದರೆ ಒತ್ತಿ ನೋಡಿದ್ದಕ್ಕೆ ಪಶ್ಚಾತ್ತಾಪವಾಗಲಿಲ್ಲ.

ಅವತ್ತು ಅವಳು ಮೂರನೆಯವಳಾಗಿ ಬಂದಳು. ತಂಡಕ್ಕೆ ಆರಿಸಿದ್ದು ನಾಲ್ವರನ್ನು.