ಹರಗೋಲಿನ ಎಲುಬು

ದೋಣಿ ಕಟ್ಟುವ ಕೆಲಸಕ್ಕೆಂದು ಕರಾವಳಿಗೆ ಬಂದಿದ್ದೇನೆ. ಇವತ್ತು ಡಾಂಬರಿನ ವಾಸನೆ ಬಡಿದದ್ದೇ ನಮ್ಮೂರು ಮುಕ್ಕುಂದದ ಹೊಳೆ ನೆನಪಾಯಿತು.

ಜನ ಹತ್ತುವ ಮೊದಲು ತಾತ ತನ್ನ ದುಂಡು ದೋಣಿಯ, ಡಾಂಬರು ಬಳಿದ ತೊಗಲಿನ ಹರಗೋಲಿನ, ಬಿದಿರುಪಟ್ಟಿಗಳನ್ನು ಅಂಗೈಯಿಂದ ಒತ್ತಿ ನೋಡುತ್ತಿದ್ದ. ಅವನ್ನು ಎಲುಬು ಎನ್ನುತ್ತಿದ್ದ.

“ಎಲುಬು ಮೀನಿಗಿರ್ತಾವ. ಇದಕ್ಕ್ಯಾಕ ತಾತಾ?”

“ಲೇ, ಮೀನ ನೋಡೇ ಹಿರೇರು ಇದನ್ನ ಹೆಣದಾರ. ತೊಗಲು ನೀರು ತಡೀತೈತಿ, ಎಲುಬು ತೊಗಲು ಹಿಡೀತೈತಿ.”

ಒಂದು ದಿನ ನಡುಹೊಳೆಯಲ್ಲಿ ಒಂದು ಪಟ್ಟಿ ಚಟ್ಟನೆ ಮುರಿಯಿತು. ತಳ ಉಬ್ಬಿ ನೀರು ಜಿನುಗಿತು. ಅವ್ವ ನನ್ನನ್ನು ಅವುಚಿಕೊಂಡು ಚೀರಿದಳು: “ಯಪ್ಪಾ, ಎಲುಬು ಮುರದೈತಿ!”

“ಅಳ್ಳಾಡಬ್ಯಾಡ್ರಿ. ನನ್ನ ಎಲುಬು ಐತಲ್ಲವ್ವಾ!” ಮುರಿದ ಕಡೆ ತನ್ನ ಕಾಲನ್ನೇ ಅಡ್ಡ ಒತ್ತಿ ಕುಳಿತು ತಾತ ಹುಟ್ಟು ಹಾಕಿದ. ದಡ ಮುಟ್ಟಿದಾಗ ಆ ಕಾಲು ನೀಲಿಗಟ್ಟಿತ್ತು.

“ಎಂತ ಮಾರಾಯ, ದೋಣಿಯೊಳಗೆ ಒತ್ತಿ ನೋಡುದು?” ಎಂದು ಇವತ್ತು ನನ್ನನ್ನು ಕೇಳಿದ ಇಲ್ಲಿನ ಮೇಸ್ತ್ರಿ.

ದೋಣಿಯ ಒಳಪಟ್ಟಿಯ ಮೇಲಿಂದ ಅಂಗೈ ತೆಗೆಯದೆ ಹೇಳಿದೆ: “ಎಲುಬು.”